ಚಂದ್ರಮತಿ ಹಟ ಹಿಡಿದು ಮಾಡಿಸಿದ ಪಾಠ

ಮಗನ ಶಾಲಾಚೀಲದಲ್ಲಿ ಬುತ್ತಿಡಬ್ಬಿ ಹುಡುಕುವಾಗ ಚಂದ್ರಮತಿಯ ಕೈಗೆ ಕಂದು ಪುಡಿಯ ಪೊಟ್ಟಣ ಸಿಕ್ಕಿತು. ಹೆಸರಿಲ್ಲ, ವಿಳಾಸವಿಲ್ಲ, ಮೂಸಿದರೆ ಕಮಟು ವಾಸನೆ. ಹತ್ತನೇ ತರಗತಿಯ ರತೀಶ್ ಒಂದು ತಿಂಗಳಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ, ಕಬಡ್ಡಿ ಬಿಟ್ಟಿದ್ದ, ಮಾತಾಡಿಸಿದರೆ ಗೋಡೆ ನೋಡುತ್ತಿದ್ದ. ಗಂಡ ಸೋಮ ಮೀನು ಹಿಡಿಯುವ ಬೋಟಿಗೆ ಹೋಗಿ ವಾರವಾಗಿತ್ತು. ಬಿಜೂರಿನ ಮನೆಗಳಿಗೆ ಹೊತ್ತೊಯ್ಯಬೇಕಿದ್ದ ಬಂಗುಡೆ ಮೀನಿನ ಬುಟ್ಟಿಯನ್ನು ಪಕ್ಕದ ಮನೆಯ ಸೀತುವಿಗೆ ಒಪ್ಪಿಸಿ ಅವಳು ನೇರ ಹೈಸ್ಕೂಲಿಗೆ ನಡೆದಳು.

ಮೈದಾನದಲ್ಲಿ ಗೆರೆ ಹಾಕಿಸುತ್ತಿದ್ದ ವ್ಯಾಯಾಮದ ಮಾಸ್ತರು ಸುಧೀರರ ಮುಂದೆ ಪೊಟ್ಟಣ ಹಿಡಿದಳು.

"ಹ್ವಾಯ್ ಮಾಷ್ಟ್ರೆ, ಇದ್ ಎಂತ? ಗಾಂಜಾ ಅಲ್ದಾ?"

ಮಾಸ್ತರರು ತಿರುಗಿಸಿ ನೋಡಿದರು. ಅವರ ಮುಖ ಕೆಂಪಾಯಿತು.

"ಗಾಂಜಾ ಅಲ್ಲ ಅಕ್ಕ. ಗುಪ್ತರೋಗ ಅಂದೇಳಿ ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ನಂಬ್ರ ಬರ್ದಿರ್ತ್ರಲ್ದಾ, ಅವ್ರ್ ಮಾರುದ್."

"ನನ್ ಮಗನಿಗೆ ರೋಗವಾ?"

"ಎಂತ ರೋಗವೂ ಅಲ್ಲ. ನಿದ್ರಿಯಂಗೆ ಬಟ್ಟೆ ಒದ್ದೆ ಆಪ್ದ್ ಈ ಪ್ರಾಯದ ಗಂಡ್ಮಕ್ಳಿಗೆ ಸಹಜ. ಶಕ್ತಿ ಎಲ್ಲ ಹೋತ್ ಅಂತ ಹೆದ್ರ್ಸಿ ಪುಡಿ ಕೊಡ್ತ್ರ್. ನಾನೂ ಸಣ್ಣ ಪ್ರಾಯದಂಗೆ ಹೀಂಗೇ ಹೆದ್ರಿದ್ದೆ."

ಚಂದ್ರಮತಿ ಮೈದಾನದ ಅಂಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೊದಲು ಜೀವ ಬಂದಂತಾಯಿತು. ಮರುಗಳಿಗೆಗೆ ಸಿಟ್ಟು ಬಂತು.

"ಹಂಗಾರೆ ಮಕ್ಳಿಗೆ ಯಾರೂ ಹೇಳ್ಲಿಲ್ಲ ಎಂತಕ್?"

ಮಾಸ್ತರರು ಮೆಲ್ಲಗೆ ಹೇಳಿದರು: "ಹೋದ್ವರ್ಷ ಆಸ್ಪತ್ರಿಯವ್ರನ್ನ ಕರೆಸಿ ಈ ಪಾಠ ಮಾಡ್ಸ್ವ ಅಂದಿದ್ದೆ. ಪಾಲಕರ ಸಭೆಯಂಗೆ ಬ್ಯಾಡ ಅಂದವ್ರಲ್ಲಿ ನೀವೂ ಇದ್ರಿ ಅಕ್ಕ."

ಹೌದು. ಎಲ್ಲರಿಗಿಂತ ಜೋರಾಗಿ ಬೇಡವೆಂದಿದ್ದವಳು ಅವಳೇ.

ಆ ಸಂಜೆ ಮಗನ ಎದುರು ಕೂತಳು. ಹೇಗೆ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: "ನಿಂಗೆ ಎಂತ ರೋಗವೂ ಇಲ್ಲ ಮಗಾ. ನಾ ಬೈಯುದಿಲ್ಲ. ನಾಳೆ ಮಾಷ್ಟ್ರತ್ರ ಮಾತಾಡ್." ರತೀಶ್ ಮೊಣಕಾಲಿಗೆ ಮುಖ ಒತ್ತಿಕೊಂಡು ಬಿಕ್ಕಿದ. ಅವಳು ಬೆನ್ನು ಸವರುತ್ತ ಕೂತಳು. ಮರುದಿನ ಮಾಸ್ತರರು ಅವನನ್ನು ಎಷ್ಟು ಹೊತ್ತು ಕೂರಿಸಿಕೊಂಡಿದ್ದರೋ, ವಾರದೊಳಗೆ ಹುಡುಗ ಮತ್ತೆ ಆಟದ ಅಂಗಳಕ್ಕೆ ಇಳಿದಿದ್ದ.

ಮುಂದಿನ ಪಾಲಕರ ಸಭೆಯಲ್ಲಿ ಚಂದ್ರಮತಿ ಎದ್ದು ನಿಂತಳು. ಮಗನ ಸುದ್ದಿ ಎತ್ತಲಿಲ್ಲ. "ಹೋದ ಸಲ ಬ್ಯಾಡ ಅಂದದ್ ನನ್ನ ತಪ್ಪ್. ಈ ಸಲ ಆಸ್ಪತ್ರಿಯವ್ರನ್ನ ಕರೆಸಿ" ಎಂದಳು.

ದಿನಸಿ ಅಂಗಡಿಯ ಮಂಜಯ್ಯ ಗುಡುಗಿದರು. ಅವರ ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. "ಇಲ್ಲದ್ದನ್ನೆಲ್ಲ ಮಕ್ಳ್ ತಲಿಗೆ ತುಂಬುದ್ ಎಂತಕ್?"

"ಮಂಜಯ್ಯ, ಮನಿಯಂಗೆ ನಾವ್ ಹೇಳುದಿಲ್ಲ, ಶಾಲಿಯಂಗೂ ಹೇಳುದಿಲ್ಲ. ಮೊಬೈಲ್ ಹೇಳ್ತ್, ಗೋಡೆ ಹೇಳ್ತ್. ನಿಮ್ಮ ಮಗ್ಳಿಗೆ ಯಾರ್ ಹೇಳ್ಬೇಕ್ ಅಂತ ನೀವೇ ಹೇಳಿ."

ಮಂಜಯ್ಯ ಕನ್ನಡಕ ತೆಗೆದು ಒರೆಸಿದರು. "ಹೆಣ್ಮಕ್ಳನ್ನ ಬೇರೆ ಕೂರ್ಸಿ ಹೇಳ್ಲಿ ಹಂಗಾರೆ" ಎಂದರು.

ಗುರುವಾರ ಆರೋಗ್ಯ ಕೇಂದ್ರದಿಂದ ಡಾಕ್ಟರು ಮತ್ತು ವನಜ ಸಿಸ್ಟರ್ ಬಂದರು. ಗಂಡುಮಕ್ಕಳು ಒಂದು ಕೋಣೆಯಲ್ಲಿ, ಹೆಣ್ಣುಮಕ್ಕಳು ಇನ್ನೊಂದರಲ್ಲಿ. ಹೆಣ್ಣುಮಕ್ಕಳ ಹಿಂದಿನ ಬೆಂಚಿನಲ್ಲಿ ತಾಯಂದಿರ ಜೊತೆ ಚಂದ್ರಮತಿಯೂ ಕೂತಳು. ಮುಟ್ಟು, ಬಸಿರು, ಇಷ್ಟವಿಲ್ಲದೆ ಯಾರಾದರೂ ಮೈ ಮುಟ್ಟಿದರೆ ಏನು ಮಾಡಬೇಕು, ಎಚ್‌ಐವಿ ಹೇಗೆ ಹರಡುತ್ತದೆ, ಕಾಂಡೋಮ್ ಯಾಕೆ, ಎಲ್ಲವನ್ನೂ ಸಿಸ್ಟರ್ ಅಡುಗೆ ಹೇಳಿಕೊಟ್ಟಷ್ಟು ಸಲೀಸಾಗಿ ಹೇಳಿದರು. ಮೊದಲು ಕಿಸಕ್ಕೆಂದ ಹುಡುಗಿಯರು ಆಮೇಲೆ ಒಬ್ಬರಾದ ಮೇಲೊಬ್ಬರು ಪ್ರಶ್ನೆ ಕೇಳತೊಡಗಿದರು.

"ಬಿಳಿಸೆರಗು ಹೋಗುವಾಗ ವಾಸನೆ, ತುರಿಕೆ, ಉರಿ ಇದ್ರೆ ಮುಚ್ಚಿಡ್ಬೇಡಿ," ಸಿಸ್ಟರ್ ಹೇಳಿದರು. "ಅದಕ್ಕೆ ಮದ್ದಿದೆ. ಮದುವೆಯಾದವರಾದ್ರೆ ಕೆಲವು ಸಲ ಗಂಡನಿಗೂ ಮದ್ದು ಬೇಕಾಗ್ತದೆ."

ಚಂದ್ರಮತಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಎರಡು ವರ್ಷದಿಂದ ಅವಳು ಯಾರಿಗೂ ಹೇಳದೆ ಸಹಿಸಿದ್ದು ಅದೇ. ಹೆಣ್ಣಾದ ಮೇಲೆ ಇದೂ ಒಂದು ಎಂದುಕೊಂಡಿದ್ದಳು.

ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು ಕೇಳಿದಳು: "ಸಿಸ್ಟರೆ, ನಾಳೆ ಬಂದ್ರೆ ಸಿಕ್ತ್ರಿಯಾ? ನನ್ನದೇ ಒಂದ್ ತೊಂದ್ರಿ."

"ಬನ್ನಿ. ಬೆಳಿಗ್ಗೆಯೇ ಬನ್ನಿ."

ಶುಕ್ರವಾರ ಆಸ್ಪತ್ರೆಯಲ್ಲಿ ಅವಳನ್ನು ಪರೀಕ್ಷಿಸಿ, ಗಂಡನನ್ನೂ ಕರೆತರಲು ಹೇಳಿದ್ದರು. ಶನಿವಾರ ಬೋಟು ಬಂತು. ಸೋಮ ಚಾ ಕುಡಿಯುತ್ತಿದ್ದಾಗ ಅವಳು ಮಣೆ ಎಳೆದುಕೊಂಡು ಹತ್ತಿರ ಕೂತಳು.

"ಸೋಮವಾರ ಇಬ್ರೂ ಆಸ್ಪತ್ರಿಗೆ ಹೋಪ."

"ಎಂತ ಆಯ್ತ್?"

"ಹೆದ್ರ್ಬೇಡಿ. ನಾ ಹೇಳ್ತೆ, ನೀವ್ ಕೇಣಿ" ಎಂದು ಅವಳು ಮೊದಲಿನಿಂದ ಹೇಳತೊಡಗಿದಳು.