ತಗಡಿನ ಡಬ್ಬಿಯ ದನಿ

ಕೊನೆಗೂ ನನಗೊಂದು ಪಾತ್ರ ಸಿಕ್ಕಿತ್ತು! ರೇಡಿಯೋ ನಾಟಕಗಳಲ್ಲಿ ಇಷ್ಟು ಕಾಲ ನನ್ನದು ಗುಂಪಿನಲ್ಲಿ ಗೋವಿಂದ. ಬಸ್ಸಿನೊಳಗಿನ ಗೊಣಗಾಟ, ಆಸ್ಪತ್ರೆಯ ಗದ್ದಲ, ಪಕ್ಕದ ಮನೆಯವಳ "ಅಯ್ಯಯ್ಯೋ" ಎಲ್ಲವೂ ನಾನೇ. ಹೆಸರು ಹೇಳುವಾಗ ಮಾತ್ರ "ಮತ್ತು ಇತರರು". ಈಗ ಹೊಸ ಪತ್ತೇದಾರಿ ಧಾರಾವಾಹಿಯಲ್ಲಿ ಕೊಲೆಗಾರನ ತಲೆಯೊಳಗೆ ಮಾತಾಡುವ ದನಿ ನನ್ನದು. ಪ್ರತಿ ಕಂತಿನಲ್ಲೂ ನಾನಿರುತ್ತೇನೆ, ಹೆಸರಿನ ಸಮೇತ! ಸುದ್ದಿ ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನನಗಿಂತ ಹೆಚ್ಚು ಕುಣಿದವನು ತಮ್ಮ ಗುಂಡ. "ರೆಕಾರ್ಡಿಂಗ್ ನೋಡೋಕೆ ನಾನೂ ಬರ್ತೀನಿ ಅಕ್ಕ" ಎಂದು ದುಂಬಾಲು ಬಿದ್ದ. ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಗುಂಡನಿಗೆ ಸ್ಕಿಜೋಫ್ರೇನಿಯಾ. ಒಂದು ಕಾಲಕ್ಕೆ, ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೂ ದನಿ ಕೇಳಿಸುತ್ತಿತ್ತು. ಈಗ ಮಾತ್ರೆ ತಪ್ಪಿಸದೆ ನುಂಗುತ್ತಾನೆ, ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಾನೆ. ನಮ್ಮ ನಾಟಕದಲ್ಲಿ ದನಿ ಕೇಳುವವನೇ ಕೊಲೆಗಾರ ಎಂದು ಅವನಿಗೆ ಹೇಗೆ ಹೇಳಲಿ? ಪಾತ್ರ ಬಿಡೋಣವೆಂದರೆ ಜೀವ ಒಪ್ಪದು, ಮಾಡೋಣವೆಂದರೆ ತಮ್ಮನ ಮುಖ ಕಣ್ಣ ಮುಂದೆ ಬರುತ್ತದೆ. ನಾನು ಹೂಂ ಅನ್ನದೆ, ಉಹೂಂ ಅನ್ನದೆ ಇದ್ದೆ. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದೇ ಬಿಟ್ಟ.

ಗುಂಡನನ್ನು ಗಾಜಿನ ಆಚೆಗೆ ನಿರ್ದೇಶಕರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ನಾನು ಈಚೆಗೆ, ಮೈಕಿನ ಮುಂದೆ. ನಮ್ಮ ಸ್ಟುಡಿಯೋದಲ್ಲಿ ಹಳೆಯದೊಂದು ಪದ್ಧತಿಯಿದೆ. ದೆವ್ವ ಮಾತಾಡಬೇಕಾದರೂ, ತಲೆಯೊಳಗಿನ ದನಿ ಮಾತಾಡಬೇಕಾದರೂ ತಗಡಿನ ಎಣ್ಣೆ ಡಬ್ಬಿಯೊಳಗೆ ಮುಖ ತೂರಿಸಿ ಮಾತಾಡಬೇಕು. ದೆವ್ವಕ್ಕೂ ಕಾಯಿಲೆಗೂ ಒಂದೇ ಡಬ್ಬಿ! ಸೌಂಡಿನಣ್ಣ ಅದನ್ನು ಒರೆಸಿ ನನ್ನ ಕೈಗಿತ್ತ. ಕೆಂಪು ದೀಪ ಹತ್ತಿತು.

"ಕೊಲ್ಲೂ... ಎಲ್ಲರನ್ನೂ ಕೊಲ್ಲೂ... ಹ್ಹ ಹ್ಹ ಹ್ಹಾ!"

ತಲೆ ಎತ್ತಿ ನೋಡಿದರೆ ಗಾಜಿನ ಆಚೆ ಗುಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ, ಭುಜ ಗಡಗಡ ಕುಲುಕುತ್ತಿದೆ. ಆಯ್ತು, ಮುಗೀತು! ಡಬ್ಬಿ ಅಲ್ಲೇ ಎಸೆದು ಓಡಿದೆ.

"ಗುಂಡಾ, ಅಳಬೇಡ್ವೋ!"

ಅವನು ಕೈ ತೆಗೆದ. ಕಣ್ಣಲ್ಲಿ ನೀರು ಬಂದಿತ್ತು ನಿಜ, ಆದರೆ ನಕ್ಕು ನಕ್ಕು. "ಯಾರು ಅತ್ತಿದ್ದು? ಅಕ್ಕಾ, ಅದೇನೇ ಆ ದನಿ! ಬಾವಿಗೆ ಬಿದ್ದ ರಾಕ್ಷಸಿ ಥರ!"

ನಿರ್ದೇಶಕರ ಮುಖ ಸಣ್ಣಗಾಯಿತು. "ಯಾಕಪ್ಪಾ? ಎಲ್ಲಾ ಸಿನಿಮಾದಲ್ಲೂ ಹೀಗೇ ತಾನೇ ಇರೋದು?"

"ಸಿನಿಮಾದಲ್ಲಿ ಇರುತ್ತೆ ಸಾರ್. ನನ್ನ ತಲೇಲಿ ಹೀಗಿರಲಿಲ್ಲ."

ಹೊರಗಿನವರ ಮುಂದೆ ಗುಂಡ ಈ ಮಾತು ಎತ್ತಿದ್ದು ಅದೇ ಮೊದಲು. ನಿರ್ದೇಶಕರು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಮತ್ತೆ ಹೇಗಿತ್ತು?"

"ಮಾಮೂಲಿ ದನಿ. ಪಕ್ಕದ ಕೋಣೆಯಿಂದ ಯಾರೋ ಮಾತಾಡಿದ ಹಾಗೆ. ಕೊಲ್ಲು ಗಿಲ್ಲು ಏನೂ ಇಲ್ಲ. 'ಊಟಕ್ಕೆ ಹೋಗ್ಬೇಡ, ನೀನು ಕೂತ್ರೆ ಅವರಿಗೆ ತುತ್ತು ಇಳಿಯಲ್ಲ' ಅನ್ನೋದು. ದಿನಾ ಅದೇ ರಾಗ."

"ಯಾರ ದನಿ?"

ಗುಂಡ ನನ್ನ ಕಡೆ ನೋಡಿದ. "ಅಕ್ಕಂದು."

ಆ ದಿನಗಳಲ್ಲಿ ಅವನ ಕೋಣೆಯ ಬಾಗಿಲ ಮುಂದೆ ತಟ್ಟೆ ಹಿಡಿದು ನಿಂತು, ಬಾರೋ ಬಾರೋ ಎಂದು ಗೋಗರೆದವಳು ನಾನು. ಹೊರಗೆ ನಾನು ಬಾ ಎನ್ನುವಾಗ ಒಳಗೆ ನಾನೇ ಬರಬೇಡ ಎನ್ನುತ್ತಿದ್ದೆನೇ? ಅಳು ನುಂಗಿಕೊಂಡು ಕೇಳಿದೆ.

"ಮತ್ತೆ ಹೇಗೋ ಎದ್ದು ಬರ್ತಿದ್ದೆ?"

"ಮೊದಮೊದಲು ಬರ್ತಿರಲಿಲ್ಲ ಅಲ್ವಾ. ಆಮೇಲೆ ಗೊತ್ತಾಯ್ತು. ಹೊರಗಿನ ಅಕ್ಕ ಬಾಗಿಲು ಬಡೀತಾಳೆ, ಒಳಗಿನವಳಿಗೆ ಕೈಯೇ ಇಲ್ಲ. ಬಡಿಯೋ ಸದ್ದು ಕೇಳಿದ್ರೆ ಎದ್ದು ಬರ್ತಿದ್ದೆ." ಹಾಗೆಂದು ನಿರ್ದೇಶಕರತ್ತ ತಿರುಗಿದ. "ನಿಮ್ಮ ಕಥೇಲಿ ಕೊಲೆ ಮಾಡಿದ್ದು ದನಿ ಕೇಳೋನೇನಾ ಸಾರ್?"

"ಹೂಂ... ಮತ್ತಿನ್ಯಾರು?"

"ಅದೇ ಅಂದ್ಕೊಂಡೆ. ಯಾವಾಗ್ಲೂ ನಾವೇ" ಎಂದು ಗುಂಡ ನಕ್ಕ.

ನನಗೆ ಎಲ್ಲಿತ್ತೋ ರೋಷ! "ಆ ಡಬ್ಬಿಯೊಳಗೆ ನಾನು ಇನ್ನು ಮುಖ ಇಡಲ್ಲ ಸಾರ್. ಕೊಲ್ಲು ಅಂತಾನೂ ಅನ್ನಲ್ಲ. ಬೇಕಾದ್ರೆ ಬೇರೆಯವರನ್ನ ಕರ್ಕೊಳ್ಳಿ!" ಅಂದದ್ದೇನೋ ಅಂದುಬಿಟ್ಟೆ. ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡೆ. ಕೈಗೆ ಬಂದ ತುತ್ತು ಬಾಯಿಗಿಲ್ಲದಂತೆ ಮಾಡಿಕೊಂಡೆನಲ್ಲ! ನಿರ್ದೇಶಕರು ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು. ತಲೆ ಕೆರೆದುಕೊಂಡರು. ಆಮೇಲೆ ಸ್ಕ್ರಿಪ್ಟನ್ನು ಸುರುಳಿ ಸುತ್ತಿ ಸೌಂಡಿನಣ್ಣನ ಬೆನ್ನಿಗೊಂದು ಬಿಟ್ಟರು.

"ಬಾಗಿಲು! ಬಾಗಿಲು ಬಡಿಯೋ ಸದ್ದು ಬೇಕು ಕಣಯ್ಯಾ!"

"ಹಾಗಾದ್ರೆ ಕೊಲೆ ಮಾಡಿದ್ದು ಯಾರು ಸಾರ್?"

"ಅದನ್ನ ನಾನು ಹುಡುಕ್ತೀನಿ. ನೀನು ಮೊದಲು ಮೈಕ್ ಆನ್ ಮಾಡು!"

ನನ್ನ ಪಾತ್ರ ಉಳಿದಿತ್ತು! ಕುಣಿಯುವಂತಾಯಿತು, ಭಯವೂ ಆಯಿತು. ಮೊದಲು ಮೈಕಿನಿಂದ ದೂರ ನಿಂತು ನನ್ನ ಮಾಮೂಲಿ ದನಿಯಲ್ಲಿ "ಊಟಕ್ಕೆ ಹೋಗ್ಬೇಡ" ಎಂದೆ. ರಾಕ್ಷಸಿಯಾಗುವುದು ಎಷ್ಟೋ ಸುಲಭವಿತ್ತು. ಸ್ಟುಡಿಯೋ ಬಾಗಿಲಿಗೆ ಮೆತ್ತೆ ಹೊದಿಸಿದ್ದರಿಂದ ಬಡಿದರೆ ಸದ್ದು ಬರುತ್ತಿರಲಿಲ್ಲ. ಎಸೆದ ಡಬ್ಬಿಯನ್ನೇ ಬೋರಲು ಹಾಕಿಕೊಂಡು, ಮೈಕಿನ ಹತ್ತಿರ ಬಂದು, ಮುಷ್ಟಿ ಕಟ್ಟಿ ದಬದಬ ಬಡಿದೆ.

"ಗುಂಡಾ, ಬಾರೋ! ಊಟ ಆರ್ತಿದೆ!"

ಸ್ಕ್ರಿಪ್ಟಿನಲ್ಲಿ ಆ ಹೆಸರಿರಲಿಲ್ಲ. ನನ್ನ ಬಾಯಿಗೆ ಅದೇ ಬಂತು. ಗಾಜಿನ ಆಚೆ ನೋಡಿದರೆ, ಗುಂಡ ಕುರ್ಚಿಯಿಂದ ಎದ್ದು ನಿಂತಿದ್ದ.