ಮೈ ಕೆರೆದ ಸರಳು

ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಬಂದು ಮೂರೇ ವರ್ಷ. ಇಡೀ ವಿಭಾಗಕ್ಕೆ ಇದ್ದದ್ದು ಒಬ್ಬನೇ ಪ್ರೊಫೆಸರ್. "ಕಮ್ಮಾರಿಕೆಗೆ ಗೌನು ತೊಡಿಸಿದ್ದಾರೆ" ಅಂತ ತತ್ವಶಾಸ್ತ್ರದವರು ಬೆನ್ನ ಹಿಂದೆ ನಗುತ್ತಿದ್ದರು. ಸುಳ್ಳೇನಲ್ಲ, ಅವನಪ್ಪ ಕಮ್ಮಾರನೇ. ಅಣ್ಣ ನಾಲ್ಕನೇ ಕ್ಲಾಸಿಗೇ ಪಾಟಿ ಬಿಸಾಕಿ ತಿದಿ ಒತ್ತಿದ್ದಕ್ಕೆ ತಮ್ಮ ಓದಿದ್ದು. ಈಗ ಆ ಅಣ್ಣನೇ ವಿಭಾಗದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುವವನು. ಜನರೆದುರು "ಸಾರ್", ಬಾಗಿಲು ಮುಚ್ಚಿದರೆ "ಲೋ".

ಹೊಸ ಸೇತುವೆಯನ್ನು ಎತ್ತಿ ಹಿಡಿಯುವ ಕಬ್ಬಿಣದ ಸರಳುಗಳು ಗಟ್ಟಿ ಅಂತ ಪ್ರೊಫೆಸರ್ ಸಹಿ ಹಾಕಿ ವಾರವಾಗಿತ್ತು. ನಾಡಿದ್ದು ಜನ ಅದರ ಮೇಲೆ ಓಡಾಡಬೇಕು. ಮಧ್ಯಾಹ್ನ ಅಣ್ಣ ಮಿಕ್ಕಿದ್ದ ಸರಳೊಂದನ್ನು ತಂದು ಮೇಜಿನ ಮೇಲೆ ದೊಪ್ಪನೆ ಹಾಕಿದ.

"ಲೋ, ಇದರ ಮೈ ನೋಡು. ಕೂದಲೆಳೆ ಬಿರುಕು."

"ಪರೀಕ್ಷೆ ಮಾಡಿದ ತುಂಡುಗಳಲ್ಲಿ ಇರಲಿಲ್ಲವಲ್ಲ."

"ಎಲ್ಲಿರುತ್ತೆ? ಕನ್ನಡಿ ಹಾಗೆ ನುಣುಪು ಮಾಡಿಕೊಡು ಅಂದೆ ನೀನು. ನಾನು ಲೇತಿಗೆ ಕೊಟ್ಟು ಮೈಯೆಲ್ಲ ಕೆರೆದೆ. ಬಿರುಕು ಚೂರಿನ ಜೊತೆ ಕಸಕ್ಕೆ ಹೋಯ್ತು. ಸೇತುವೆಗೆ ಹಾಕೋ ಸರಳನ್ನ ಯಾರಪ್ಪಾ ಕೆರೀತಾರೆ?"

ಪುಸ್ತಕದಲ್ಲಿ ಹಾಗೇ ಇತ್ತು, ತುಂಡು ನುಣುಪಾಗಿರಬೇಕು ಅಂತ. ಇಬ್ಬರೂ ಕೆರೆಯದ ಸರಳನ್ನೇ ಪರೀಕ್ಷೆಯ ಯಂತ್ರಕ್ಕೆ ಕಚ್ಚಿಸಿ ಎಳೆದರು. ಸಹಿ ಹಾಕಿದ ಭಾರದ ಅರ್ಧಕ್ಕೇ ಟಪ್ಪಂತ ತುಂಡಾಯಿತು.

ಸಂಜೆ ಇಬ್ಬರೂ ಕುಲಪತಿಗಳ ಕೋಣೆಗೆ ಹೋದರು. ಅವರು ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. "ಸೇತುವೆ ತಡೆಯೋಣ. ಆದರೆ ತಪ್ಪು ನಿಮ್ಮದು ಅಂತಾದರೆ ವಿಭಾಗಕ್ಕೆ ಬೀಗ. ಲೇತಿನವನ ಕೈತಪ್ಪು ಅಂತ ಬರೀರಿ. ಓದಿಲ್ಲದವನು, ಯಾರು ಕೇಳ್ತಾರೆ?"

ಲೇತಿನವನು ಅಲ್ಲೇ ನಿಂತಿದ್ದ. ಅವರ ಕಣ್ಣಿಗೆ ಅವನೂ ಒಂದು ಕುರ್ಚಿ. ಓದಿದವರ ನ್ಯಾಯ ಎಂದೂ ಇಷ್ಟೇ, ಲೆಕ್ಕ ತಪ್ಪಿದರೆ ಸುತ್ತಿಗೆ ಹಿಡಿದವನ ತಲೆ ಸಿಗುತ್ತದೆ.

ಪ್ರೊಫೆಸರ್ ಪೆನ್ನು ಹಿಡಿದ. ವಿಭಾಗದ ಹದಿನಾಲ್ಕು ವಿದ್ಯಾರ್ಥಿಗಳ ಮುಖ ಕಣ್ಣಮುಂದೆ ಬಂತು.

"ಬರೀರಿ ಸಾರ್," ಅಂದ ಅಣ್ಣ. "ಕಳ್ಕೊಳ್ಳೋಕೆ ನನ್ನ ಹತ್ರ ಡಿಗ್ರಿ ಇದೆಯಾ?"

ಪಾಟಿ ಎಸೆದವನ ಬಾಯಲ್ಲಿ ಬಂದ ಆ ಮಾತು ತಮ್ಮನ ಕರುಳಿಗೆ ಬರೆ ಎಳೆಯಿತು. 'ನುಣುಪು ಮಾಡಲು ಹೇಳಿದವನು ನಾನು. ತಪ್ಪು ನನ್ನದೇ' ಎಂದು ಬರೆದು ಸಹಿ ಹಾಕಿದ.

ಕುಲಪತಿಗಳು ವರ್ಕ್‌ಶಾಪಿನ ಬೀಗದ ಕೈ ಕೇಳಿದರು. ಅಣ್ಣ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಆಮೇಲೆ, ಕಾಗದ ಮಡಚಲು ಹೊರಟ ತಮ್ಮನ ಕೈ ಹಿಡಿದು ಅವರೆದುರೇ ಅಂದ:

"ಇರು ಲೋ, ಮಸಿ ಆರಲಿ."