ಕೊಟ್ಟಿಗೆಗೆ ಬಂದ ಗಂಗೆ

ಹುರಳಿ ಬೇಯುವ ವಾಸನೆ ಮೂಗಿಗೆ ಬಿದ್ದರೆ ನಾನು ಈಗಲೂ ಲಂಗ ಉಟ್ಟ ಹುಡುಗಿಯಾಗುತ್ತೇನೆ. ನಮ್ಮಜ್ಜನ ಮನೆಯ ಕೊಟ್ಟಿಗೆಯಲ್ಲಿ ಎತ್ತುಗಳಿಗೆಂದು ದೊಡ್ಡ ಮಡಕೆಯಲ್ಲಿ ಹುರಳಿ ಬೇಯುತ್ತಿತ್ತು. ಅದರ ಜೊತೆಗೆ ಒದ್ದೆ ಗೋಣಿಚೀಲ, ಸಗಣಿ, ಹಳೇ ಹುಲ್ಲು ಎಲ್ಲ ಸೇರಿ ಒಂದು ಬೆಚ್ಚಗಿನ ವಾಸನೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅದು ಎಲ್ಲೂ ಸಿಕ್ಕಿರಲಿಲ್ಲ. ಮತ್ತೆ ಸಿಕ್ಕಿದ್ದು ಇದೇ ಊರಿನ ಹೊಸಹಳ್ಳಿ ಬಡಾವಣೆಯಲ್ಲಿ, ನಾವು ಬಾಡಿಗೆಗಿದ್ದ ಮನೆಯ ಹಿತ್ತಲಿನ ಶೆಡ್ಡಿನಲ್ಲಿ, ಅದೂ ಮೀನುಗಳ ದೆಸೆಯಿಂದ.

ಮನೆಯ ಮಾಲೀಕರು ದೊಡ್ಡಣ್ಣನವರು. ಹೊಸಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದಾಗ ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈ ಮನೆ ಎದ್ದಿತ್ತು. ಒಂದು ಭಾಗದಲ್ಲಿ ಅವರ ಸಂಸಾರ, ಇನ್ನೊಂದರಲ್ಲಿ ನಾವಿಬ್ಬರು. ಅವರ ತಾಯಿ ಅಕ್ಕಯ್ಯಮ್ಮನವರಿಗೆ ಎಂಬತ್ತು ದಾಟಿತ್ತು. ನನಗೆ ಅರವತ್ತು ಕಳೆದಿದ್ದರೂ ಅವರ ಬಾಯಲ್ಲಿ ನಾನು "ಹುಡುಗಿ"ಯೇ.

ನನ್ನ ಯಜಮಾನರು ಚಕ್ರಪಾಣಿ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು ನಿವೃತ್ತರಾದ ಮೇಲೆ ಕೋಯಿ ಸಾಕುವ ಹುಚ್ಚು ಹಿಡಿಸಿಕೊಂಡರು. ಕೋಯಿ ಎಂದರೆ ಜಪಾನಿನ ಬಣ್ಣದ ಮೀನು. ದೊಡ್ಡಣ್ಣನವರು ಅಂಗಳದ ಈಶಾನ್ಯ ಮೂಲೆ ತೋರಿಸಿ, "ಅಲ್ಲಿ ನೀರಿದ್ರೆ ಮನೆಗೆ ಒಳ್ಳೇದಂತೆ ಸಾರ್, ತೋಡ್ಕೊಳಿ" ಎಂದಿದ್ದರು. ಬಾಡಿಗೆಯವರಿಗೆ ಮೊಳೆ ಹೊಡೆಯಲೂ ಬಿಡದ ಮಾಲೀಕರನ್ನು ಕಂಡಿದ್ದ ನನಗೆ ಆ ಮಾತು ಬಹಳ ದಿನ ನೆನಪಿತ್ತು. ಯಜಮಾನರು ಅಲ್ಲೊಂದು ಪುಟ್ಟ ಕೊಳ ಕಟ್ಟಿಸಿ ಆರು ಮರಿ ಬಿಟ್ಟರು. ಅವು ಮೊಳದುದ್ದ ಬೆಳೆದವು.

ಅಕ್ಕಯ್ಯಮ್ಮನವರು ಮೊದಲ ದಿನ ಬಗ್ಗಿ ನೋಡಿ, "ಜಪಾನೂ ಇಲ್ಲ, ಗಿಪಾನೂ ಇಲ್ಲ. ನಮ್ಮ ಕೆರೆ ಗೆಂಡೆ ಮೀನೇ, ಬಣ್ಣ ಬಳ್ಕೊಂಡು ಬಂದೈತೆ" ಎಂದರು. ಆದರೆ ಒಂದು ಮೀನನ್ನು ಕಂಡು ಇನ್ನಷ್ಟು ಬಗ್ಗಿದರು. ಮೈಯೆಲ್ಲ ಹಾಲಿನಂಥ ಬಿಳುಪು, ನೆತ್ತಿಯ ಮೇಲೆ ಮಾತ್ರ ದುಂಡಗೆ ಕೆಂಪು. ಅದಕ್ಕೆ ಅವರೇ ಮುತ್ತೈದೆ ಎಂದು ಹೆಸರಿಟ್ಟರು. ಅಂದಿನಿಂದ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, "ಮುತ್ತೈದೆ ಎದ್ದಳಾ?" ಎಂದು ಕೇಳುವುದು, ಯಜಮಾನರು "ಎದ್ದಿದ್ದಾಳೆ, ತಿಂಡಿ ಆಗ್ತಾ ಇದೆ" ಎನ್ನುವುದು ರೂಢಿಯಾಯಿತು.

ಎರಡು ಸಾವಿರದ ಆರನೇ ಇಸವಿಯಲ್ಲಿ ದೊಡ್ಡಣ್ಣನವರ ಕಿರಿಮಗಳು ಕೀರ್ತನಾಳ ಮದುವೆ ಗೊತ್ತಾಯಿತು. ಛತ್ರ ಬೇಡ, ಮನೆ ಮುಂದೆಯೇ ಚಪ್ಪರ ಹಾಕಬೇಕು ಎಂದು ಅಕ್ಕಯ್ಯಮ್ಮನವರ ಹಟ. ಅದಾದ ಎರಡನೇ ದಿನ ದೊಡ್ಡಣ್ಣನವರು ನಮ್ಮ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತರು.

"ಸಾರ್, ಹಾಲುಗಂಬ ನೆಡಬೇಕು."

"ನೆಡಿ, ಸಂತೋಷ" ಎಂದರು ಯಜಮಾನರು.

"ಅದನ್ನ ಈಶಾನ್ಯಕ್ಕೇ ನೆಡಬೇಕು ಸಾರ್."

ಯಜಮಾನರು ಕೊಳದ ಕಡೆ ನೋಡಿದರು. ದೊಡ್ಡಣ್ಣನವರೂ ನೋಡಿದರು. ಚಪ್ಪರದ ಮೊದಲ ಕಂಬ ಅದು, ಬೇರೆ ಮೂಲೆಗೆ ಹೋಗುವಂತಿಲ್ಲ.

"ನೀವೇ ಅಲ್ವೇನ್ರಿ ನೀರೂ ಅಲ್ಲೇ ಇರಲಿ ಅಂದಿದ್ದು?"

"ಅದೇ ಸಾರ್ ತಪ್ಪಾಗಿದ್ದು. ಒಳ್ಳೇದೆಲ್ಲ ಒಂದೇ ಮೂಲೇಲಿ ಸೇರ್ಕೊಂಡಿದೆ."

ಮದುವೆ ಮುಗಿಯುವ ತನಕ ಹಿತ್ತಲಿನ ಶೆಡ್ಡು ಮೀನುಗಳಿಗೆ ಎಂದು ತೀರ್ಮಾನವಾಯಿತು. ಆ ಶೆಡ್ಡು ಅವರ ಹಳೆಯ ಕೊಟ್ಟಿಗೆ. ಹಸುಗಳು ಹೋಗಿ ಎಷ್ಟೋ ಕಾಲವಾಗಿತ್ತು, ಹೆಂಚಿನ ಜಾಗಕ್ಕೆ ಶೀಟು ಬಂದಿತ್ತು. ಒಳಗೆ ಗುದ್ದಲಿ, ತೆಂಗಿನಕಾಯಿ ರಾಶಿ, ಕಾಲು ಮುರಿದ ಕುರ್ಚಿಗಳು. ನೆಲ ಮಾತ್ರ ಹಳೆಯ ಕಲ್ಲುಚಪ್ಪಡಿಯದೇ. ಅದರ ನಡುವೆ ಗಂಜಲ ಹರಿದು ಹೋಗಲು ಕೊರೆದ ಸಣ್ಣ ಕಾಲುವೆ ಹಾಗೇ ಉಳಿದಿತ್ತು.

ಯಜಮಾನರು ಪೆನ್ಸಿಲ್ ಚೂಪು ಮಾಡಿ ನಕ್ಷೆ ಬರೆದರು. ಮೊಳದುದ್ದದ ಮೀನುಗಳಿಗೆ ಹತ್ತು ದಿನದ ಬಿಡಾರಕ್ಕೆ ಅವರು ಪಟ್ಟ ಪಾಡು ನೋಡಿ ನಾನು, "ಹೆಣ್ಣಿನ ಕಡೆಯವರು ನೀವೋ ಅವರೋ?" ಎಂದು ಛೇಡಿಸಿದೆ. ಸಿಮೆಂಟಿನ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಪೇರಿಸಿ ಸೊಂಟದೆತ್ತರ ನಾಲ್ಕು ಗೋಡೆ ಮಾಡಿದರು. ನೀರಿನ ಭಾರಕ್ಕೆ ಗೋಡೆ ಬಾಯಿ ಬಿಡದಂತೆ ಸುತ್ತ ಹಗ್ಗ ಬಿಗಿದರು. ಇಟ್ಟಿಗೆಯ ಚೂಪು ತಾಗದಂತೆ ಒಳಗೆಲ್ಲ ಗೋಣಿಚೀಲ ಹಾಸಿ, ಅದರ ಮೇಲೆ ನೀಲಿ ಟಾರ್ಪಾಲು ಹರವಿದರು. ಬಕೆಟ್ಟಿಗೆ ತೂತು ಕೊರೆದು ಸ್ಪಂಜು, ಜಲ್ಲಿ ತುಂಬಿ ನೀರು ಸೋಸುವ ಏರ್ಪಾಡು. ಗುಳುಗುಳು ಗಾಳಿ ಬಿಡಲು ಒಂದು ಪಂಪು. ಕೋಯಿ ಹಾರಿ ಆಚೆ ಬೀಳುತ್ತದೆಂದು ಮೇಲೆ ಹೊದಿಸಲು ನಮ್ಮ ಹಳೇ ಸೊಳ್ಳೆಪರದೆ.

"ಪರದೆ ಅವಕ್ಕೆ ಕೊಟ್ಟರೆ ನಮಗೆ?" ಎಂದೆ.

"ನಾವು ಹಾರಲ್ವಲ್ಲೇ."

ಕಾವೇರಿ ನೀರನ್ನು ನಲ್ಲಿಯಿಂದ ನೇರ ಬಿಡುವಂತಿಲ್ಲ. ಅದರ ಕ್ಲೋರಿನ್ ಔಷಧಿ ಆರಲು ತೆರೆದ ಡ್ರಮ್ಮುಗಳಲ್ಲಿ ಎರಡು ದಿನ ಬಿಡಬೇಕು. ಅರ್ಧ ಆ ನೀರು, ಅರ್ಧ ಹಳೇ ಕೊಳದ ನೀರು. ಗೋಣಿಚೀಲ ನೆಂದು, ಕಲ್ಲುಚಪ್ಪಡಿ ನೆಂದು, ಆ ಶೆಡ್ಡಿನಿಂದ ನಮ್ಮಜ್ಜನ ಕೊಟ್ಟಿಗೆಯ ವಾಸನೆ ಎದ್ದಿತು. ದೊಡ್ಡಣ್ಣನವರ ಮನೆಯಲ್ಲಿ ಹುರಳಿ ಬೇಯಿಸುತ್ತಿದ್ದರೋ ಏನೋ, ಅದೂ ಬಂದು ಸೇರಿಕೊಂಡಿತು. ನಾನು ಕೆಲಸವಿಲ್ಲದೆಯೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಮೀನುಗಳನ್ನು ಒಂದೊಂದಾಗಿ ಬಟ್ಟೆ ನೆನೆಸುವ ಟಬ್ಬಿನಲ್ಲಿಟ್ಟು ಸಾಗಿಸಿದೆವು. ಮುತ್ತೈದೆಯ ಸರದಿ ಬಂದಾಗ ಕೀರ್ತನಾ ಟಬ್ಬಿನ ಒಂದು ಕಡೆ ಹಿಡಿದಳು. "ಅಂಕಲ್, ನನಗಿಂತ ಮುಂಚೆ ಇವಳೇ ಮನೆ ತುಂಬಿಸ್ಕೋತಾ ಇದಾಳೆ" ಎಂದು ನಕ್ಕಳು. ಬರಿದಾದ ಹಳೇ ಕೊಳದ ಮೇಲೆ ಹಲಗೆ ಹಾಸಿ ವಾಲಗದವರಿಗೆ ಜಾಗ ಮಾಡಿದರು. ಅದರ ದಡದಲ್ಲೇ ಹಾಲುಗಂಬ ನಿಂತಿತು.

ಅಕ್ಕಯ್ಯಮ್ಮನವರು ಕೋಲೂರಿಕೊಂಡು ಶೆಡ್ಡಿಗೆ ಬಂದು ನೀರಿನೊಳಗೆ ಬಹಳ ಹೊತ್ತು ನೋಡಿದರು.

"ಹುಡುಗಿ, ದೊಡ್ಡ ಮೊಮ್ಮಗಳ ಮದುವೇಲಿ ಗಂಗೆಪೂಜೆ ಎಲ್ಲಿ ಮಾಡಿದ್ವಿ ಗೊತ್ತಾ? ನಲ್ಲಿಗೆ. ಬಾವಿ ಮುಚ್ಚೋಯ್ತು, ಕೆರೆ ಬಸ್‌ಸ್ಟ್ಯಾಂಡ್ ಆಯ್ತು. ಅವತ್ತು ನಲ್ಲೀಲಿ ನೀರು ಬರೋ ದಿನವೂ ಅಲ್ಲ. ಒಣನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬಂದ್ವಿ."

ನಾನು ನಕ್ಕೆ. ಅವರು ನಗಲಿಲ್ಲ. "ನೀರಂದ್ರೆ ಹಿಂಗಿರಬೇಕು. ಜೀವ ಓಡಾಡ್ತಿರಬೇಕು" ಎಂದು ಹೊರಟು ಹೋದರು. ಆ ಮಾತು ಎಲ್ಲಿಗೆ ಮುಟ್ಟುತ್ತದೆಂದು ನನಗೆ ಹೊಳೆಯಲಿಲ್ಲ.

ಮದುವೆಯ ಹಿಂದಿನ ದಿನ ಬೆಳಗ್ಗೆ ಯಜಮಾನರು ಇನ್ನೊಂದು ಪಂಪು ತರಲು ವಿಜಯನಗರಕ್ಕೆ ಹೋಗಿದ್ದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಂಗಳದಲ್ಲಿ ಕೇಳಬೇಕಾದ ವಾಲಗ ಹಿತ್ತಲಿನಿಂದ ಕೇಳಿಸಿತು. ಒಲೆ ಆರಿಸಿ ಓಡಿದೆ.

ಶೆಡ್ಡಿನ ತುಂಬ ರೇಷ್ಮೆ ಸೀರೆಗಳು. ಸೊಳ್ಳೆಪರದೆ ಮಡಿಸಿ ಮೂಲೆಗಿಟ್ಟಿದ್ದರು. ಅಕ್ಕಯ್ಯಮ್ಮನವರು ಬಾಗಿಲಲ್ಲೇ ನಿಂತು, ವಿಧವೆಯೆಂದು ತಾವು ಮುಂದೆ ಬರದೆ, ಮುತ್ತೈದೆಯರಿಗೆ ಹೇಳಿಕೊಡುತ್ತಿದ್ದರು. ಒಬ್ಬೊಬ್ಬರೂ ಇಟ್ಟಿಗೆ ಗೋಡೆಗೆ ಅರಿಶಿನ ಕುಂಕುಮ ಇಟ್ಟು, ಹೂವು ಬಿಟ್ಟು, ತಂತಮ್ಮ ಚೊಂಬಿನ ಹಾಲನ್ನು ಗಂಗೆಗೆ ಎರೆದಿದ್ದರು. ನೆಂಟರು ಬಹಳ ಮಂದಿ ಬಂದಿದ್ದರು, ಯಾರೂ ಕೈ ಬಿಗಿ ಹಿಡಿದಿರಲಿಲ್ಲ. ಕೊಳದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಸೋಸುವ ಬಕೆಟ್ಟಿನ ತುಂಬ ನೊರೆ.

"ಬಾ ಹುಡುಗಿ, ನೀನೂ ಒಂದು ಹೂವ ಬುಡು" ಎಂದರು ಅಕ್ಕಯ್ಯಮ್ಮ. ಅವರ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಪಂಪಿನ ಪೊಟ್ಟಣ ಹಿಡಿದು ಬಂದರು. ಅವರು ಕೂಗಾಡಲಿಲ್ಲ. ನೀರಿಗೆ ಕೈ ಅದ್ದಿ ಮೂಸಿ ನೋಡಿ, ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಹಾಲು ಕೆಡುತ್ತೆ ಅಮ್ಮ" ಎಂದರು ಮೆಲ್ಲಗೆ. "ಕೆಟ್ಟರೆ ನೀರಲ್ಲಿ ಉಸಿರಿರಲ್ಲ. ಈ ಸೆಕೆಗೆ ಸಂಜೆವರೆಗೂ ತಡೆಯಲ್ಲ ಇವು."

ವಾಲಗ ನಿಂತಿತು. ಪೂಜೆ ಮಾಡಿದ ಗಂಗೆಯಲ್ಲಿ, ಮದುವೆಯ ಹಿಂದಿನ ದಿನ, ನೆತ್ತಿಯಲ್ಲಿ ಕುಂಕುಮವಿರುವ ಜೀವ ಹೋದರೆ ಏನರ್ಥ ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಂಪಿನಲ್ಲಿ ಯಾರೋ, "ಬೀಗರ ಕಿವಿಗೆ ಬೀಳಬಾರದು" ಎಂದು ಪಿಸುಗುಟ್ಟಿದರು.

ಮೊದಲು ಅಲುಗಿದ್ದು ಕೀರ್ತನಾ. ಮೈಗೆಲ್ಲ ಅರಿಶಿನ ಹಚ್ಚಿಸಿಕೊಂಡಿದ್ದ ಹುಡುಗಿ, "ಅಂಕಲ್, ಏನ್ ಬೇಕು ಹೇಳಿ" ಎಂದಳು.

"ಎರಡು ದಿನ ನಿಂತ ನೀರು ಬೇಕು. ನನ್ನ ಹತ್ತಿರ ಇದ್ದಿದ್ದೆಲ್ಲ ಇದರೊಳಗೇ ಹೋಯ್ತು."

ಮದುವೆ ಅಡುಗೆ ವಹಿಸಿಕೊಂಡಿದ್ದ ವೆಂಕಟೇಶ್ ಗದ್ದಲ ಕೇಳಿ ಸೌಟು ಹಿಡಿದೇ ಬಂದಿದ್ದರು. ಅವರ ಕೊಪ್ಪರಿಗೆಗಳ ಕಡೆಗೆ ಯಾರೋ ನೋಡಿದ್ದೇ ತಡ, "ಸಾರ್, ಕೊಪ್ಪರಿಗೆ ಮಾತ್ರ ಮುಟ್ಬೇಡಿ. ಮದುವೆ ಊಟಕ್ಕೆ ಮೀನಿನ ಪಾತ್ರೆ ಅಂತ ಹೆಸರು ಬಂದ್ರೆ ನಾನು ಊರು ಬಿಡ್ಬೇಕು" ಎಂದರು. ಆಮೇಲೆ ನೀರಿನೊಳಗೆ ಇಣುಕಿ, "ನೀರಿನ ಡ್ರಮ್ ತಗೊಳಿ. ಮೊನ್ನೇನೇ ತುಂಬಿಸಿಟ್ಟಿದ್ದು, ಬಾಯಿ ತೆರೆದೇ ಇವೆ. ಅಡುಗೆಗೆ ನಾನು ಟ್ಯಾಂಕರ್ ಕರೆಸ್ಕೋತೀನಿ" ಎಂದರು. ಮದುವೆಯ ಅಡುಗೆಯವನೊಬ್ಬ ತುಂಬಿಟ್ಟ ನೀರನ್ನು ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ.

ಡ್ರಮ್ಮುಗಳು ಉರುಳುರುಳುತ್ತ ಬಂದವು. ಒಂದರಲ್ಲಿ ಮೀನುಗಳನ್ನು ಬಿಟ್ಟು ಎರಡೂ ಪಂಪು ಹಚ್ಚಿದರು. ಒಂದು ಮೂಲೆಯ ಇಟ್ಟಿಗೆ ತೆಗೆದು ಟಾರ್ಪಾಲು ಇಳಿಸಿದ ತಕ್ಷಣ ಹಾಲುನೀರು ಚೆಲ್ಲಿ, ಆ ಹಳೇ ಗಂಜಲದ ಕಾಲುವೆ ಹಿಡಿದು, ಹಸುಗಳಿದ್ದಾಗ ಹೋಗುತ್ತಿದ್ದ ದಾರಿಯಲ್ಲೇ ನುಗ್ಗೆಮರದ ಬುಡಕ್ಕೆ ಹರಿದು ಹೋಯಿತು. ಉಳಿದದ್ದನ್ನು ಮುತ್ತೈದೆಯರು ಸೆರಗು ಸಿಕ್ಕಿಸಿ ಅದೇ ಚೊಂಬುಗಳಲ್ಲಿ ಎತ್ತಿ ಚೆಲ್ಲಿದರು.

"ಹಾಕೋವಾಗ ಐದು ನಿಮಿಷ, ತೆಗೆಯೋವಾಗ ಸೊಂಟ ಬಿತ್ತು ಕಣ್ರೇ" ಎಂದರು ಒಬ್ಬರು.

"ನಿನ್ನ ಚೊಂಬೇ ಎಲ್ಲಾರಿಗಿಂತ ದೊಡ್ಡದಿತ್ತು, ಅನುಭವಿಸು" ಎಂದರು ಇನ್ನೊಬ್ಬರು.

ದೊಡ್ಡಣ್ಣನವರು ಪಂಚೆ ಎತ್ತಿ ಕಟ್ಟಿ ಟಾರ್ಪಾಲು ಉಜ್ಜಿದರು. ಅಕ್ಕಯ್ಯಮ್ಮನವರು ಮಾತ್ರ ಬಾಗಿಲಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೊಸ ನೀರು ತುಂಬಿ ಮೀನುಗಳನ್ನು ಮರಳಿ ಬಿಡುವಾಗ ಮಧ್ಯಾಹ್ನ ಇಳಿದಿತ್ತು. ಐದು ಮೀನು ಓಡಾಡತೊಡಗಿದವು. ಮುತ್ತೈದೆ ತಳಕ್ಕಿಳಿದು, ಒಂದು ಪಕ್ಕಕ್ಕೆ ವಾಲಿ ನಿಂತಿತು. ಕಿವಿರು ಮಾತ್ರ ಆಡುತ್ತಿತ್ತು.

ಮಾರನೇ ದಿನ ಬೆಳಗ್ಗೆ ಧಾರೆ. ನಾನು ಸೀರೆ ಉಟ್ಟು ಬಂದು ನೋಡಿದರೆ ಯಜಮಾನರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ ಶೆಡ್ಡಿನಲ್ಲೇ ಕೂತಿದ್ದರು.

"ನೀನು ಹೋಗು. ಸ್ಪಂಜು ಗಳಿಗೆಗೊಂದು ಸಲ ಹಿಂಡ್ತಾ ಇರ್ಬೇಕು. ನಾನು ಇಲ್ಲಿಂದ್ಲೇ ಅಕ್ಷತೆ ಹಾಕ್ತೀನಿ."

ಅವರ ಎದುರಿಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಅಕ್ಕಯ್ಯಮ್ಮನವರು ಕೂತಿದ್ದರು. ಮೊಮ್ಮಗಳ ಧಾರೆಗೆ ಎದುರು ನಿಲ್ಲಬಾರದೆಂದು ಅವರೇ ಹಿಂದೆ ಸರಿದಿದ್ದರೋ, ಮೀನಿಗಾಗಿಯೇ ಬಂದಿದ್ದರೋ, ನಾನು ಕೇಳಲಿಲ್ಲ. ಯಜಮಾನರು ಸ್ಪಂಜು ಹಿಂಡಿ ಕೊಟ್ಟರೆ ಆ ಮುದುಕಿ ಅದನ್ನು ಚೊಂಬಿನ ನೀರಲ್ಲಿ ತೊಳೆದು ವಾಪಸು ಕೊಡುತ್ತಿದ್ದರು. ನಾನೂ ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತೆ.

ಅಂಗಳದಲ್ಲಿ ಗಟ್ಟಿಮೇಳ ಮೊಳಗಿತು. ಯಜಮಾನರು ಜೇಬಿನಿಂದ ಅಕ್ಷತೆ ತೆಗೆದು ಅಂಗಳದ ಕಡೆಗೆ ಎಸೆದರು. ಅಕ್ಕಯ್ಯಮ್ಮನವರು ಕೂತಲ್ಲೇ ಕೈ ಮುಗಿದರು. ಸದ್ದಡಗಿ ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ಅಭ್ಯಾಸಬಲದಿಂದ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದರು. ಐದು ಮೀನು ನುಗ್ಗಿದವು. ಅವುಗಳ ಹಿಂದೆ, ಆತುರವಿಲ್ಲದೆ, ಬೆಳ್ಳಗಿನದೊಂದು ಮೈ ನೆಟ್ಟಗೆ ಮೇಲೆದ್ದು ಬಂದು ಉಳಿದ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ತಿರುಗಿತು.

"ಎದ್ದಳು" ಎಂದರು ಯಜಮಾನರು.

ಅಕ್ಕಯ್ಯಮ್ಮನವರು ಕೋಲು ಹುಡುಕಿಕೊಂಡು ಎದ್ದು, ಅಡುಗೆಯ ಚಪ್ಪರದ ಕಡೆಗೆ ನಿಧಾನವಾಗಿ ನಡೆದು ಹೋದರು.

ಅಂಗಳದಲ್ಲಿ ಬೀಗರ ಪಂಕ್ತಿಗೆ ಇನ್ನೂ ಎಲೆ ಹಾಕುತ್ತಿದ್ದರು. ಅವರು ಕೂತು ಏಳುವ ತನಕ ಈ ಕಡೆಯವರು ಯಾರೂ ಬಾಯಿಗೆ ಇಡುವಂತಿಲ್ಲ, ಅದು ಆ ಮನೆಯ ಪದ್ಧತಿ. ಆ ಪದ್ಧತಿಯನ್ನು ಎಲ್ಲರಿಗೂ ಕಲಿಸಿದವರೇ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು ಹಿತ್ತಲಿಗೆ ಬರುತ್ತಿದ್ದರು. ತಟ್ಟೆಯ ಮೇಲೆ ಬಾಳೆಎಲೆ ಮುಚ್ಚಿತ್ತು. ನಾನು ಹಿಡಿಯಲು ಹೋದರೆ ತಲೆಯಾಡಿಸಿ ಬೇಡವೆಂದರು.

ಕೋಲನ್ನು ಗೋಡೆಗೊರಗಿಸಿ, ಯಜಮಾನರ ಒದ್ದೆ ಕೈಯನ್ನು ತಮ್ಮ ಸೆರಗಿನಿಂದ ಒರೆಸಿ, ತಟ್ಟೆಯನ್ನು ಅದರ ಮೇಲಿಟ್ಟರು. ಎಲೆ ಸರಿಸಿದಾಗ ಕಂಡಿತು: ಹಬೆಯಾಡುವ ಅನ್ನ, ಹುರಳಿಕಟ್ಟಿನ ಸಾರು, ಪಲ್ಯ, ಹಪ್ಪಳ. ಪಾಯಸವಿರಲಿಲ್ಲ, ಯಜಮಾನರು ಸಕ್ಕರೆ ಕಾಯಿಲೆಯವರೆಂದು ನೆನಪಿಟ್ಟು ಅದರ ಜಾಗದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು ಇಟ್ಟಿದ್ದರು. ಅಕ್ಕಯ್ಯಮ್ಮನವರು ಸ್ಪಂಜನ್ನು ತಾವೇ ಕೈಗೆ ತೆಗೆದುಕೊಂಡು ಮತ್ತೆ ಬಕೆಟ್ಟಿನ ಮೇಲೆ ಕೂತರು.